ತಾನಾಗಿ ಹೊರಳುತ್ತಿದ್ದ ತಲೆ

ಬೆಳಿಗ್ಗೆ ದಿನಸಿ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದ ಹೆಂಗಸೊಬ್ಬಳು ಗುಡ್ಡೆಯಿಂದ ಒಂದು ತೆಂಗಿನಕಾಯಿ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಸಮಾಧಾನವಾಗದೆ ಇನ್ನೊಂದನ್ನು ಎತ್ತಿದಳು. ನೀರಿದೆಯೇ ಎಂದು ನೋಡುತ್ತಿದ್ದಳು, ಎಲ್ಲರೂ ಮಾಡುವಂಥದ್ದೇ. ನಾನು ಮಾತ್ರ ಬೆಲ್ಲ ತರಲು ಹೋದವನು ಬೆಲ್ಲ ಮರೆತು ಆಕೆಯ ಕತ್ತನ್ನೇ ನೋಡುತ್ತ ನಿಂತುಬಿಟ್ಟೆ. ಈ ವಯಸ್ಸಿನಲ್ಲಿ ಇದೇನು ಎನ್ನುವಂತಿತ್ತು ಅಂಗಡಿಯವನ ಮುಖ. ಏನು ಮಾಡಲಿ, ಕಾಯಿ ಅಲ್ಲಾಡಿಸುವವರ ಕೈಯನ್ನು ಉಳಿದವರು ನೋಡುತ್ತಾರೆ, ನಾನು ಕತ್ತನ್ನು ನೋಡುತ್ತೇನೆ. ಕೈ ಆಡಿದಾಗ ತಲೆಯೂ ಒಂದಿಷ್ಟು ಆ ಕಡೆಗೆ ವಾಲಿ, ಶಬ್ದ ಕೇಳಿಸಿದ ಕೂಡಲೇ ಚಕ್ಕನೆ ಸರಿಹೋಗುತ್ತದೆ. ನೀವು ಗಮನಿಸಿರಲಾರಿರಿ. ಗಮನಿಸುವ ಅವಶ್ಯಕತೆ ನಿಮಗೆ ಬಾರದಿರಲಿ.

ಅಡುಗೆಮನೆಯವರು ನೀರಿರಲಿ ಎಂದು ಕಾಯಿ ಅಲ್ಲಾಡಿಸುತ್ತಾರೆ. ನಮ್ಮ ಮನೆಯಲ್ಲಿ ನೀರು ಇಲ್ಲದಿರಲಿ ಎಂದು ಅಲ್ಲಾಡಿಸುತ್ತಿದ್ದರು. ಚನ್ನರಾಯಪಟ್ಟಣದಲ್ಲಿ ನಮ್ಮಪ್ಪನದು ಕೊಬ್ಬರಿ ವ್ಯಾಪಾರ. ಬಲಿತ ಕಾಯಿಗಳನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಕಳಚಿಕೊಂಡು ಗುಂಡಾಗಿ ನಿಲ್ಲುತ್ತದೆ. ಕಿವಿಗೆ ಹಿಡಿದು ಅಲ್ಲಾಡಿಸಿದಾಗ ಒಳಗೆ ಗಟಗಟ ಎಂದರೆ ಕೊಬ್ಬರಿ ಆಯಿತು, ಸುಲಿಯಬಹುದು. ಸದ್ದಿಲ್ಲದಿದ್ದರೆ ಇನ್ನಷ್ಟು ದಿನ ಅಟ್ಟದಲ್ಲೇ ಇರಬೇಕು. ಅಪ್ಪ ಅಟ್ಟದ ಮೇಲೆ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಕಿವಿಗೆ ತಾಗಿಸಿ, ಗಟಗಟ ಅಂದದ್ದನ್ನು ಬಲಕ್ಕೆ, ಸುಮ್ಮನಿದ್ದದ್ದನ್ನು ಎಡಕ್ಕೆ ಉರುಳಿಸುತ್ತಿದ್ದ. ನಾನು ಕೆಳಗೆ ಪಾಠ ಓದಿಕೊಳ್ಳುತ್ತಿದ್ದರೆ ಅಟ್ಟದ ಸಂದಿಯಿಂದ ನಾರಿನ ಧೂಳು ಪುಸ್ತಕದ ಮೇಲೆ ಬೀಳುತ್ತಿತ್ತು.

ನನ್ನ ತಲೆ ತಾನಾಗಿ ಹೊರಳಲು ಶುರುವಾದದ್ದು ಎರಡನೆಯ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ, ನನಗೆ ಇಪ್ಪತ್ತು ದಾಟಿದ ಹೊಸತರಲ್ಲಿ. ಮೊದಲ ಸಲ ಆದದ್ದು ಎಲ್ಲಿ ಎಂದರೆ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ನಾನು ಅದೇ ಅಟ್ಟದ ಮೇಲೆ, ಅಪ್ಪನ ಪಕ್ಕದಲ್ಲಿ, ಕೈಯಲ್ಲಿ ಕಾಯಿ ಹಿಡಿದು ಕೂತಿದ್ದೇನೆ. ಇನ್ನೊಂದರಲ್ಲಿ ಹಾಸನದ ಒಂದು ಮಿಡ್ಲ್‌ಸ್ಕೂಲಿನಲ್ಲಿ ಕಪ್ಪುಹಲಗೆಗೆ ಬೆನ್ನು ಮಾಡಿ ನಿಂತಿದ್ದೇನೆ. ಮೊದಲನೆಯದು ಹೇಳಲು ಚೆನ್ನಾಗಿದೆ. ಅದಕ್ಕೇ ಅದನ್ನು ನಾನು ನಂಬುವುದಿಲ್ಲ. ನೆನಪಿಗೆ ಒಂದು ಚಾಳಿಯಿದೆ, ಕಥೆಗೆ ಒಪ್ಪುವ ಜಾಗ ಕಂಡರೆ ಹೋಗಿ ಅಲ್ಲೇ ಕೂತುಬಿಡುತ್ತದೆ. ಎರಡನೆಯದರಲ್ಲಿ ಸ್ವಾರಸ್ಯವೇನೂ ಇಲ್ಲ; ಸೀಮೆಸುಣ್ಣದ ಪುಡಿ, ಕಿಟಕಿಯಾಚೆ ಯಾರದೋ ಎಮ್ಮೆ. ಬಹುಶಃ ಅದೇ ನಿಜ.

ಆಗುತ್ತಿದ್ದದ್ದು ಇಷ್ಟು: ಗದ್ದ ತುಸು ಮೇಲೆದ್ದು ತಲೆ ಬಲಗಡೆಗೆ ಚಕ್ಕನೆ ಹೊರಳಿ ವಾಪಸು ಬರುತ್ತಿತ್ತು, ಭುಜದ ಹಿಂದಿನಿಂದ ಯಾರೋ ಹೆಸರು ಹಿಡಿದು ಕರೆದ ಹಾಗೆ. ನೋವಿಲ್ಲ. ಸೀನು ಬರುವ ಮುಂಚೆ ಮೂಗಿನಲ್ಲಿ ಏನಾಗುತ್ತದೋ ಅದು ಕತ್ತಿನಲ್ಲಿ ಆಗುತ್ತಿತ್ತು, ಆಮೇಲೆ ಹೊರಳು. ಸ್ವಲ್ಪ ಹೊತ್ತು ತಡೆಯಬಹುದಿತ್ತು. ತಡೆದದ್ದೆಲ್ಲ ಸೇರಿ ಆಮೇಲೆ ಒಟ್ಟಿಗೆ ಬರುತ್ತಿತ್ತು. ಯಾರಾದರೂ ನೋಡುತ್ತಿದ್ದಾರೆ ಎನ್ನಿಸಿದರೆ ಹೆಚ್ಚು. ಕನ್ನಡಿಯ ಮುಂದೆ ನಿಂತು ಪರೀಕ್ಷೆ ಮಾಡಿದ್ದೂ ಉಂಟು. ಅದರಿಂದ ತಿಳಿದದ್ದು ಒಂದೇ: ತಲೆ ಹೊರಳುವ ಗಳಿಗೆಯಲ್ಲಿ ಕಣ್ಣು ಕನ್ನಡಿಯಲ್ಲಿರುವುದಿಲ್ಲ. ಊರೆಲ್ಲ ನೋಡಿದ ನನ್ನ ಹೊರಳನ್ನು ನಾನು ಮಾತ್ರ ನೋಡಿರಲಿಲ್ಲ.

ನಾನು ಆ ಸ್ಕೂಲಿನಲ್ಲಿ ಮೇಷ್ಟ್ರು. ಒಂದು ದಿನ ಒಬ್ಬ ಹುಡುಗ ಎದ್ದು ನಿಂತು ಮಗ್ಗಿ ಒಪ್ಪಿಸುತ್ತ ಹದಿನಾರೇಳು ನೂರಹನ್ನೆರಡು ಎಂದು ಸರಿಯಾಗಿಯೇ ಹೇಳಿದ. ನನ್ನ ತಲೆ ಹೊರಳಿತು. ಅವನು ಉಗುಳು ನುಂಗಿ "ನೂರಹದಿನಾಲ್ಕು ಸಾ" ಅಂದ. ಇನ್ನೊಮ್ಮೆ ಹೊರಳಿತು. "ನೂರಹತ್ತು ಸಾ."

"ಮೊದ್ಲು ಹೇಳಿದ್ದೇ ಸರಿ ಕಣೋ, ಕೂತ್ಕೋ" ಅಂದೆ.

"ಸರಿ ಅಂದ್ರೆ ಅದ್ಯಾಕ್ಸಾ ಅಲ್ಲ ಅಲ್ಲ ಅಂತೀರಿ?" ಎಂದು ಅವನು ನಿಜವಾದ ದುಃಖದಿಂದ ಕೇಳಿದ. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಅಲ್ಲಿಂದ ಮುಂದೆ ಮಗ್ಗಿ ಒಪ್ಪಿಸಿಕೊಳ್ಳುವಾಗ ಕಿಟಕಿಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ. ಮೇಷ್ಟ್ರು ಮಗ್ಗಿಯನ್ನು ಎಷ್ಟು ಧ್ಯಾನದಿಂದ ಕೇಳುತ್ತಾರೆ ಎಂದು ಹೆಡ್‌ಮಾಸ್ಟರು ಮೆಚ್ಚಿಕೊಂಡರು.

ಅಪ್ಪನಿಗೆ ಗೊತ್ತಾದದ್ದು ಅಟ್ಟದ ಮೇಲೆಯೇ. ಇದು ಮಾತ್ರ ಅಲ್ಲೇ ನಡೆದದ್ದು. ಅವನ ದನಿ ಕಿವಿಯಲ್ಲಿದೆ. ಓದಿದ ಮಗ ಕೊಬ್ಬರಿಗೆ ಬೆನ್ನು ಹಾಕಿದನಲ್ಲ ಎಂಬ ಕೊರಗು ಅವನಿಗೆ. ರಜೆಗೆ ಬಂದಿದ್ದ ನಾನು ಮಾತಿಗೆಂದು ಅಟ್ಟ ಹತ್ತಿ ಅವನೆದುರು ಕೂತಿದ್ದೆ. ತಲೆ ಹೊರಳಿತು. ಅಪ್ಪ ಕೈಲಿದ್ದ ಕಾಯಿ ಕೆಳಗಿಟ್ಟ. ಇನ್ನೊಂದು ಸಲ ಹೊರಳಿತು. ಅವನ ಮುಖ ಅರಳಿತು.

"ಕಲ್ತ್‌ಬುಟ್ಟಿದೀಯಲ್ಲೋ!" ಅಂದ.

"ಏನ್ನ?"

"ಕಾಯಿ ಕೇಳದ್ನ ಕಣ್ಲಾ. ಕಿವಿಗಿಟ್ಟು ಕೇಳೋನ ಕತ್ತೇ ಅಂಗೆ, ಸುಮ್ಕಿದ್ರೂ ಎಗರ್ತದೆ. ನಾನ್ ಇಲ್ದಾಗ ಕದ್ದು ಅಟ್ಟ ಅತ್ತಿದೀಯ. ಕೇಳುದ್ರೆ ದೊಡ್ ಮೇಷ್ಟ್ರು!"

ಅವನ ಸಂತೋಷ ನೋಡಿ ಹೌದು ಎಂದುಬಿಡೋಣ ಎನ್ನಿಸಿತು. ಆದರೆ "ಇದು ನಾನು ಮಾಡ್ತಿರೋದಲ್ಲಪ್ಪ, ತಾನೇ ಆಗ್ತದೆ" ಎಂದು ಬಾಯಿಗೆ ಬಂದುಬಿಟ್ಟಿತು. ಅಪ್ಪ ನನ್ನ ಖಾಲಿ ಕೈಗಳನ್ನು ನೋಡಿದ, ಕತ್ತನ್ನು ನೋಡಿದ. ಕೆಳಗಿಟ್ಟಿದ್ದ ಕಾಯಿ ಎತ್ತಿ ಕಿವಿಗೆ ಹಿಡಿದುಕೊಂಡು, ಅಲ್ಲಾಡಿಸದೆಯೇ ಎಡಕ್ಕೆ ಉರುಳಿಸಿದ.

ಕೊಬ್ಬರಿ ಮನೆಯಲ್ಲಿ ಬೆಳೆದವನಿಗೆ ಹೆದರಿಕೆಯೂ ಕೊಬ್ಬರಿಯ ಆಕಾರದಲ್ಲೇ ಬರುತ್ತದೆ. ನನ್ನ ತಲೆಯೊಳಗೆ ಏನೋ ಕಳಚಿಕೊಂಡಿದೆ ಎಂದು ನಾನು ನಂಬಿದೆ. ಹೋಲಿಕೆಗೆ ಹೇಳುತ್ತಿಲ್ಲ, ನಿಜವಾಗಿ ನಂಬಿದೆ. ಚಿಪ್ಪಿನೊಳಗೆ ತಿರುಳು ಬಿಟ್ಟುಕೊಂಡ ಹಾಗೆ ಬುರುಡೆಯೊಳಗೆ ಮಿದುಳು ಬಿಟ್ಟುಕೊಂಡಿದೆ, ಅದು ಒಳಗೆ ಬಡಿದಾಗಲೆಲ್ಲ ತಲೆ ಹೊರಳುತ್ತದೆ. ಹುಡುಗರಿಗೆ ವಿಜ್ಞಾನವನ್ನೂ ಹೇಳಿಕೊಡುತ್ತಿದ್ದವನು ನಾನು. ಬಾಡಿಗೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿ, ತಲೆಯನ್ನು ಬೇಕೆಂದೇ ಅಲ್ಲಾಡಿಸಿ ಗಟಗಟ ಎನ್ನುತ್ತದೆಯೇ ಎಂದು ಕೇಳುತ್ತಿದ್ದೆ. ಏನೋ ಕೇಳಿಸುತ್ತಲೂ ಇತ್ತು. ಕಿವಿ ಮುಚ್ಚಿದರೆ ಎಲ್ಲರಿಗೂ ಏನೋ ಕೇಳಿಸುತ್ತದೆ. ಬೇಕಾದರೆ ಈಗಲೇ ಮುಚ್ಚಿ ನೋಡಿ. ಒಂದು ಸಲ ಮನೆಯ ಒಡತಿ ಕಿಟಕಿಯಿಂದ ಇದನ್ನು ಕಂಡು, "ಕಿವಿಗೆ ನೀರು ಓಗದೆಯಾ ಮೇಷ್ಟ್ರೇ? ಒಂಟಿ ಕಾಲಲ್ಲಿ ಕುಣೀರಿ, ಆಚೆಗೆ ಬತ್ತದೆ" ಎಂದು ಉಪಾಯ ಹೇಳಿದಳು. ಕುಣಿದೆ ಕೂಡ.

ಆ ಕಾಲದಲ್ಲಿ ನಾನು ನೆಮ್ಮದಿಯಾಗಿದ್ದ ಜಾಗ ಒಂದೇ, ಬಸ್ಸು. ಯುದ್ಧ ಬಂದು ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಹಿಂದೆ ಒಲೆಯಂಥದ್ದೊಂದು ಕಟ್ಟಿಕೊಂಡು, ಶಾಂತಿಗ್ರಾಮದ ಏರಿನಲ್ಲಿ ಉಸಿರು ಕಟ್ಟಿ ನಿಂತು, ಗಂಡಸರೆಲ್ಲ ಇಳಿದು ತಳ್ಳಿದ ಮೇಲೆ ಮುಂದಕ್ಕೆ ಹೊರಡುತ್ತಿದ್ದವು. ಜಲ್ಲಿ ರಸ್ತೆಯಲ್ಲಿ ಬಸ್ಸು ಕುಲುಕಿದರೆ ಒಳಗಿದ್ದ ತಲೆಗಳೆಲ್ಲ ಒಟ್ಟಿಗೆ ಹೊರಳುತ್ತಿದ್ದವು. ಅಮಲ್ದಾರರ ಗುಮಾಸ್ತನದು, ಕೋಳಿ ಬುಟ್ಟಿ ಹಿಡಿದ ಮುದುಕಿಯದು, ನನ್ನದು. ಯಾರದು ಕಾಯಿಲೆ, ಯಾರದು ರಸ್ತೆ ಎಂದು ಯಾರು ಹೇಳಬೇಕು? ಊರು ಬಂದರೆ ನನಗೆ ಇಳಿಯಲು ಮನಸ್ಸಾಗುತ್ತಿರಲಿಲ್ಲ.

ಕೊನೆಗೆ ಹಾಸನದಲ್ಲಿ ಒಬ್ಬ ಡಾಕ್ಟರರ ಶಾಪಿಗೆ ಹೋದೆ. ಔಷಧಿ ಕೊಡುವ ಕಡೆಗೆ ನಾವು ಶಾಪು ಎಂದೇ ಹೇಳುತ್ತಿದ್ದದ್ದು. ಅವರು ನಾಲಗೆ ನೋಡಿದರು, ಮೊಣಕಾಲಿಗೆ ಪುಟ್ಟ ಸುತ್ತಿಗೆಯಿಂದ ಹೊಡೆದರು. ಅಷ್ಟು ಹೊತ್ತೂ ನನ್ನ ತಲೆ ಕಂಬದ ಹಾಗೆ ನಿಂತಿತ್ತು.

"ಎಲ್ಲಿ, ಮಾಡಿ ತೋರಿಸಿ" ಅಂದರು. ಮಾಡಿ ತೋರಿಸಿದೆ.

"ಇದನ್ನ ನೀವೇ ಮಾಡಿದಿರಲ್ಲ."

"ಹೌದು ಸಾರ್, ಈಗ ಮಾಡಿದ್ದು ನಾನೇ."

"ಮತ್ತೆ ಕಾಯಿಲೆ ಎಲ್ಲಿ ಬಂತು ಮೇಷ್ಟ್ರೇ?" ಎಂದು ನಕ್ಕು, ನರಕ್ಕೆಂದು ಒಂದು ಕೆಂಪು ನೀರಿನ ಸೀಸೆ ಕೊಟ್ಟರು. ನಾನು ಎದ್ದು ಅಂಗಿ ಸರಿಮಾಡಿಕೊಳ್ಳುತ್ತಿದ್ದಾಗ, ಕೈ ತೊಳೆಯುತ್ತ, ಮಾತಿಗೆ ಕೇಳಿದವರಂತೆ ಕೇಳಿದರು: "ನಿಮ್ಮ ಮನೆತನದಲ್ಲಿ ಯಾರಿಗಾದರೂ ತಲೆಯ ತೊಂದರೆ ಇತ್ತೇನು?"

ವಿಚಾರಿಸಿ ಹೇಳುತ್ತೇನೆ ಅಂದೆ. ವಿಚಾರಿಸುವ ಅಗತ್ಯವಿರಲಿಲ್ಲ. ನನಗೊಬ್ಬ ಚಿಕ್ಕಪ್ಪ ಇದ್ದ, ಅಪ್ಪನ ತಮ್ಮ. ಅರಕಲಗೂಡಿನ ಹೆಣ್ಣು ತಂದು ಮದುವೆ ಮಾಡಿದ್ದರು. ಮದುವೆಯಾಗಿ ಸ್ವಲ್ಪ ಕಾಲಕ್ಕೆ ಅವನ ಬುದ್ಧಿ ಸ್ತಿಮಿತ ತಪ್ಪಿತು. ಮೊದಲು ಕೆಲಸ ಬಿಟ್ಟ, ಆಮೇಲೆ ಮಾತು ಬಿಟ್ಟ, ಕೊನೆಗೆ ಊಟ ಬಿಟ್ಟು ತೀರಿಕೊಂಡ. ಚಿಕ್ಕಮ್ಮ ತವರಿಗೆ ಹೋದಳು. ಮತ್ತೆ ಬಾ ಎಂದು ನಮ್ಮವರು ಕರೆದದ್ದನ್ನು ನಾನು ಕೇಳಿಲ್ಲ. ನಾನಾಗ ತೀರ ಚಿಕ್ಕವನು. ನನಗಿರುವುದು ಒಂದೇ ನೆನಪು: ಜಗುಲಿಯ ಬಿಸಿಲಿನಲ್ಲಿ ಯಾರದೋ ತೊಡೆಯ ಮೇಲೆ ಮಲಗಿದ್ದೇನೆ, ಬಿಸಿಲಿಗೂ ನನಗೂ ನಡುವೆ ಒಂದು ತಲೆ ಬಂದು ಹೋಗಿ, ಬಂದು ಹೋಗಿ ಮಾಡುತ್ತಿದೆ.

ಅಪ್ಪನನ್ನು ಅಂಗಡಿಯಲ್ಲೇ ಕೇಳಿದೆ, ಚಿಕ್ಕಪ್ಪನಿಗೆ ತಲೆ ಹೀಗೆ ಆಡುತ್ತಿತ್ತೇ ಎಂದು. ನನ್ನ ಪ್ರಶ್ನೆ ಮುಗಿಯುವ ಮುಂಚೆಯೇ "ಇಲ್ಲ" ಅಂದ. 'ಇಲ್ಲ' ಅನ್ನುವುದಕ್ಕೂ ಒಂದು ಹೊತ್ತು ಬೇಕಲ್ಲ. ಅಷ್ಟು ಬೇಗ ಬಂದದ್ದನ್ನು ನಾನು ನಂಬಲಿಲ್ಲ.

ಹೊಳೆನರಸೀಪುರದಲ್ಲಿ ನಮ್ಮ ಸೋದರತ್ತೆ ಇದ್ದಳು, ಅಪ್ಪನ ಅಕ್ಕ. ಅವ್ವ ತೀರಿಕೊಂಡ ಮೇಲೆ ಕೆಲವು ಕಾಲ ನನ್ನನ್ನು ಸಾಕಿದವಳು. ನಾನು ಹೋದಾಗ ಹೊಳೆಯಿಂದ ನೀರು ತಂದು ಆಗತಾನೆ ಬಿಂದಿಗೆ ಇಳಿಸಿದ್ದಳು. ಕೇಳಿದೆ. ನನ್ನನ್ನು ಬಹಳ ಹೊತ್ತು ನೋಡಿದಳು. ಅಷ್ಟರಲ್ಲಿ ಎರಡು ಸಲವೋ ಮೂರು ಸಲವೋ ನನ್ನ ತಲೆ ಹೊರಳಿತು.

"ಆಡ್ತಿತ್ತು ಕಣಪ್ಪ" ಅಂದಳು. "ಸುರು ಆಗಿದ್ದೇ ಅದ್ರಿಂದ. ಇಂಗೆ ನೋಡು, ಇಂಗೆ." ಗದ್ದ ಎತ್ತಿ, ಬಲಕ್ಕೆ ಚಕ್ಕನೆ ಹೊರಳಿಸಿ ತೋರಿಸಿದಳು.

ಕನ್ನಡಿಯಲ್ಲಿ ಸಿಗದೆ ತಪ್ಪಿಸಿಕೊಂಡದ್ದು ಅತ್ತೆಯ ಮುಖದಲ್ಲಿ ಸಿಕ್ಕಿಬಿಟ್ಟಿತ್ತು.

ಅತ್ತೆ ಅಷ್ಟಕ್ಕೇ ಬಿಡುವವಳಲ್ಲ, ಕೆಲವು ದಿನ ಅಲ್ಲೇ ಉಳಿಸಿಕೊಂಡಳು. ಲಿಂಗಪೂಜೆಗೆ ಕೂತಾಗ ಆಡದಿದ್ದರೆ ಅದು ಗಾಳಿಯ ಚೇಷ್ಟೆ, ಆಡಿದರೆ ಕಾಯಿಲೆ ಎಂದು ಅವಳ ಲೆಕ್ಕ. ನಮ್ಮಲ್ಲಿ ಕೊರಳಲ್ಲಿ ಕಟ್ಟಿಕೊಂಡ ಇಷ್ಟಲಿಂಗವನ್ನು ಎಡ ಅಂಗೈ ಮೇಲಿಟ್ಟು, ಕಣ್ಣು ಕದಲಿಸದೆ ನೋಡುತ್ತ ಪೂಜೆ ಮಾಡುತ್ತಾರೆ. ನಾನು ಸ್ನಾನ ಮಾಡಿ ವಿಭೂತಿ ಧರಿಸಿ ಕೂತರೆ ಎದುರಿಗೆ ಅತ್ತೆ ಬೆಳ್ಳುಳ್ಳಿ ಬಿಡಿಸುತ್ತ ಕೂರುತ್ತಿದ್ದಳು.

"ಆಡ್ತಾ?"

"ಸುಮ್ನಿರತ್ತೆ, ಪೂಜೆ ಮಾಡ್ತಿದೀನಿ."

"ಮಾಡು ಮಾಡು. ಈಗ್ ಆಡ್ತಲ್ಲ? ಆಡ್ಲಿಲ್ವಾ? ನಾನ್ ಅತ್ಲಾಗ್ ನೋಡ್ಬುಟ್ಟೆ."

ಒಂದು ದಿನ ಆಡಿತು, ಒಂದು ದಿನ ಆಡಲಿಲ್ಲ. ಗಾಳಿ, ಕಾಯಿಲೆ ಎರಡೂ ಸೇರಿಕೊಂಡಿವೆ ಎಂದು ಅವಳು ತೀರ್ಮಾನ ಮಾಡಿದಳು. ನನ್ನ ಅವಸ್ಥೆ ಬೇರೆ. ಅಂಗೈ ಮೇಲೆ ಲಿಂಗ, ಲಿಂಗದ ಮೇಲೆ ಕಣ್ಣು, ಮನಸ್ಸು ಮಾತ್ರ ಕತ್ತಿನ ಮೇಲೆ. ಆ ದಿನಗಳಲ್ಲಿ ನಾನು ಪೂಜೆ ಮಾಡಿದ್ದು ನನ್ನ ಕತ್ತಿಗೆ. ಬೇರೆ ಯಾವ ಪೂಜೆಯಲ್ಲೂ ನನಗೆ ಅಂಥ ಏಕಾಗ್ರತೆ ಸಿಕ್ಕಿಲ್ಲ.

ಇದೇ ವೇಳೆಗೆ ಶಾಂತಿಗ್ರಾಮದಿಂದ ಒಂದು ಸಂಬಂಧ ಬಂತು. ಹುಡುಗಿಯನ್ನು ನೆಂಟರ ಮದುವೆಯೊಂದರಲ್ಲಿ ನೋಡಿದ್ದೆ. ಯಾರೋ ದೊಡ್ಡವರು ಎಲೆಯ ಬದಲು ನೆಲಕ್ಕೆ ಬಡಿಸಿಕೊಂಡ ಪಾಯಸವನ್ನು ಕಂಡು ಅವಳು ನಗು ತಡೆಯಲಾರದೆ ಕಂಬದ ಹಿಂದೆ ಹೋಗಿ ನಿಂತದ್ದು ಮನಸ್ಸಿನಲ್ಲಿತ್ತು. ನನಗೆ ಇಷ್ಟವಿತ್ತು, ಬಹಳ ಇಷ್ಟವಿತ್ತು. ಅದಕ್ಕೇ ಆಗುವುದಿಲ್ಲ ಅಂದೆ. ಚಿಕ್ಕಪ್ಪನ ದಾರಿ ನನ್ನದಾದರೆ ಚಿಕ್ಕಮ್ಮನ ದಾರಿ ಅವಳದಾಗುತ್ತದೆ. ಅಪ್ಪ ಬೈದ, ಬೇಡಿಕೊಂಡ, ಶಾಂತಿಗ್ರಾಮದವರಿಗೆ ಏನೇನೋ ನೆಪ ಹೇಳಿ ಮುಂದೂಡಿದ. ಅವರೂ ಎಷ್ಟು ದಿನ ಕಾದಾರು? ಬೇಸಿಗೆ ರಜ ಮುಗಿಯುವುದರೊಳಗೆ ಹೂಂ ಅಥವಾ ಉಹೂಂ ಹೇಳಬೇಕು ಎಂದು ಕೊನೆಯದಾಗಿ ಹೇಳಿಕಳಿಸಿದರು. ನನಗೆ ಹೊಳೆದದ್ದು ಆಗ: ಚಿಕ್ಕಪ್ಪನನ್ನು ಹಗಲೂ ರಾತ್ರಿ ನೋಡಿದವಳು ಒಬ್ಬಳೇ, ಅವಳನ್ನೇ ಯಾರೂ ಕೇಳಿಲ್ಲ.

ಅರಕಲಗೂಡಿನಲ್ಲಿ ಮೊದಲ ಮಳೆ ಬಿದ್ದು ಹೊಲಗಳು ಹದಕ್ಕೆ ಬಂದಿದ್ದವು. ಚಿಕ್ಕಮ್ಮ ಅಣ್ಣನ ಮನೆಯ ಪಡಸಾಲೆಯಲ್ಲಿ ಈಳಿಗೆಮಣೆಯ ಮೇಲೆ ಕೂತು ಬಿತ್ತನೆಯ ಆಲೂಗೆಡ್ಡೆ ಕೊಯ್ಯುತ್ತಿದ್ದಳು, ಒಂದೊಂದು ಹೋಳಿಗೂ ಒಂದೊಂದು ಕಣ್ಣು ಉಳಿಯುವ ಹಾಗೆ ತಿರುಗಿಸಿ ತಿರುಗಿಸಿ ನೋಡಿ. ಮುದುಕಿಯೊಬ್ಬಳು ಇರುತ್ತಾಳೆ ಅಂದುಕೊಂಡು ಹೋಗಿದ್ದೆ, ನಲವತ್ತಾಗಿತ್ತೋ ಇಲ್ಲವೋ. ಯಾರು ಎಂದು ಕೇಳಿದಳು. ಚನ್ನರಾಯಪಟ್ಟಣ ಅಂದೆ, ಅಪ್ಪನ ಹೆಸರು ಹೇಳಿದೆ.

"ಭಾವನೋರ ಮಗ್ನಾ?" ಅಂದಳು. ಕೈ ನಿಲ್ಲಲಿಲ್ಲ. "ಕುಂತ್ಕೊ. ಒಟ್ಟೆಗೇನಾರ ತಗಂಡಿದೀಯಾ?"

ಕೂತೆ. ಬಸ್ಸಿನ ಮಾತು, ಮಳೆಯ ಮಾತು ಆಯಿತು. ಮಾತಿನ ನಡುವೆ ತಲೆ ಹೊರಳಿತು. ಆಕೆ ನೋಡಿದಳು, ನೋಡಿದ್ದು ನನಗೂ ಗೊತ್ತಾಯಿತು. ಇನ್ನು ಸುತ್ತಿ ಬಳಸಿ ಪ್ರಯೋಜನವಿಲ್ಲ ಎಂದು, "ಚಿಕ್ಕಪ್ಪಂಗೂ ತಲೆ ಹಿಂಗೇ ಆಡ್ತಿತ್ತಾ ಚಿಕ್ಕಮ್ಮ?" ಎಂದು ಕೇಳಿಬಿಟ್ಟೆ.

"ಯಾರ್ ಏಳುದ್ರು?"

"ಹೊಳೆನರಸೀಪುರದ ಅತ್ತೆ."

"ಅವ್ರು ಕಾಯ್ಲೆ ಬಿದ್ಮೇಲೆ ನಿಮ್ಮತ್ತೆ ಆ ಮನೆ ಒಸ್ಲು ತುಳುದ್ಲಾ, ಕೇಳ್ನೋಡು" ಎಂದು ಒಂದು ಗೆಡ್ಡೆಯನ್ನು ಎರಡು ಮಾಡಿದಳು. ಈಗ ಕೈ ನಿಂತಿತು. "ಆಡ್ತಿರ್ಲಿಲ್ಲ ಕಣಪ್ಪ. ಏನೂ ಆಡ್ತಿರ್ಲಿಲ್ಲ. ಕುಂತ್ರೆ ಕುಂತಂಗೇ. ಕೆನ್ನೆ ಮ್ಯಾಲೆ ನೊಣ ಕುಂತ್ರೂ ತಲೆ ಒದರ್ತಿರ್ಲಿಲ್ಲ, ನಾನೇ ಓಡುಸ್ತಿದ್ದೆ. ಉಣ್ತೀರಾ ಅಂದ್ರೆ ಊಂ ಇಲ್ಲ, ಊಹೂಂ ಇಲ್ಲ. ಒಂದ್ ಕಿತ ತಲೆ ಆಡ್ಸಿ, ಬ್ಯಾಡ ಅಂತ್ಲಾದ್ರೂ ಆಡ್ಸಿ ಅಂತ ಕಾಲ್ ಇಡ್ಕಂಡಿದೀನಿ."

ಪಡಸಾಲೆಯ ಆಚೆ ಯಾರೋ ಎತ್ತು ಅಟ್ಟಿಕೊಂಡು ಹೋದರು. ಚಿಕ್ಕಮ್ಮ ಇನ್ನೊಂದು ಗೆಡ್ಡೆ ಎತ್ತಿಕೊಂಡಳು.

"ನಿಂದು ಆಡ್ತಾ ಅದೆ. ಆಡ್ಲಿ ಬುಡು" ಅಂದಳು.

ನಾನು ಹೋಳುಗಳನ್ನು ಬುಟ್ಟಿಗೆ ತುಂಬಿದೆ. ನನ್ನನ್ನು ನೋಡದೆ, ಆಕೆ ಕೇಳಿದಳು: "ನನ್ನ ಏನಂತಾರಪ್ಪ ನಿಮ್ಮನೇಲಿ? ಇವ್ಳ ಕಾಲ್ಗುಣ ಅಂತಾರಾ?"

ಅತ್ತೆ ಹಾಗೆ ಅಂದದ್ದನ್ನು ಕೇಳಿದ್ದೆ. ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. ಅಷ್ಟರಲ್ಲಿ ನನ್ನ ತಲೆ ತಾನಾಗಿ, ಎಂದಿಗಿಂತ ಜೋರಾಗಿ, ಬಲಕ್ಕೆ ಹೊರಳಿತು. ಚಿಕ್ಕಮ್ಮ ನಕ್ಕಳು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಮತ್ತೆ ನಕ್ಕಳು.

"ಬಾಯ್ ಸುಮ್ನಿದ್ರೂ ನಿನ್ ಕತ್ತಿಗ್ ಮರ್ವಾದೆ ಅದೆ" ಅಂದಳು. "ಎಣ್ಣು ಗಿಣ್ಣು ನೋಡವ್ರಾ?"

ಶಾಂತಿಗ್ರಾಮ ಅಂದೆ.

ಇಲ್ಲಿ ನಿಲ್ಲಿಸಿದ್ದರೆ ಕಥೆ ಚೆನ್ನಾಗಿತ್ತು. ಆದರೆ ವಾಪಸು ಬರುವ ಬಸ್ಸಿನಲ್ಲೇ ನನಗೆ ಅನುಮಾನ ಹತ್ತಿತು. ಹೆಣ್ಣು ನೋಡಿದ್ದಾರಾ ಎಂದು ಆಕೆ ಕೇಳಿದ್ದು ಯಾವಾಗ? ಈಗ ಬರೆದ ಹಾಗೆ ಕೊನೆಯಲ್ಲೇ? ಅಥವಾ ಮಳೆ ಬಸ್ಸು ಎಂದು ಮಾತಾಡುತ್ತಿದ್ದಾಗಲೇ? ಕೊನೆಯಲ್ಲಿ ಕೇಳಿದ್ದರೆ ಹೇಳಿದ್ದು ಸತ್ಯ. ಮೊದಲೇ ಕೇಳಿದ್ದರೆ, ಮದುವೆಗೆ ಹಿಂಜರಿಯುತ್ತಿರುವ ಹುಡುಗನೊಬ್ಬ ಕತ್ತು ಆಡಿಸುತ್ತ ಎದುರಿಗೆ ಕೂತಿದ್ದಾನೆ, ಏನು ಹೇಳಿದರೆ ಇವನು ಎದ್ದು ಹೋಗಿ ತಾಳಿ ಕಟ್ಟುತ್ತಾನೆ ಎಂದು ತಿಳಿದೇ ಹೇಳಿರಬಹುದು. ಆ ನೊಣವೂ ಆಗಲೇ ಹುಟ್ಟಿದ ನೊಣವಿರಬಹುದು. ಎರಡು ಮಾತುಗಳ ಹಿಂದುಮುಂದಿನಲ್ಲಿ ನನ್ನ ಆಯುಷ್ಯ ನಿಂತಿತ್ತು, ಮತ್ತು ಬಸ್ಸು ಊರು ತಲುಪುವ ಮುಂಚೆಯೇ ಆ ಹಿಂದುಮುಂದು ನನಗೆ ಮರೆತುಹೋಗಿತ್ತು. ಅತ್ತೆ ತೋರಿಸಿದ ಹೊರಳನ್ನು ನೆನಪಿಸಿಕೊಂಡೆ. ಅದು ನನ್ನದೇ ಹೊರಳು, ನನ್ನನ್ನು ನೋಡಿ ಕಲಿತು ತಮ್ಮನಿಗೆ ಹಾಕಿದ್ದಳು, ಮೋಸದಿಂದಲ್ಲ, ನೆನಪಿನಿಂದ. ಹಾಗಾದರೆ ನನ್ನ ಜಗುಲಿಯ ಬಿಸಿಲಿನಲ್ಲಿ ಬಂದು ಹೋಗುತ್ತಿದ್ದ ಆ ತಲೆ ಯಾರದು? ತೊಡೆಯ ಮೇಲೆ ಮಗುವನ್ನು ತೂಗುವಾಗ ಯಾರ ತಲೆ ತಾನೇ ತೂಗುವುದಿಲ್ಲ?

ಊರಿಗೆ ಬಂದು ಅಪ್ಪನಿಗೆ ಹೇಳಿದೆ, ಅರಕಲಗೂಡಿಗೆ ಹೋಗಿದ್ದೆ ಎಂದು. ಅವನು ತಕ್ಕಡಿಯ ಹಗ್ಗ ಸರಿಮಾಡುತ್ತಿದ್ದ.

"ಎಂಗವ್ಳೆ?" ಅಂದ, ಗಂಟು ಬಿಗಿದು ಮುಗಿಸಿ.

"ಚೆನ್ನಾಗಿದಾರೆ. ಚಿಕ್ಕಪ್ಪಂಗೆ ತಲೆ ಆಡ್ತಿರ್ಲಿಲ್ಲವಂತೆ."

"ನಾನೇನಂದಿದ್ದೆ? ಇಲ್ಲ ಅಂದೆ. ನೀನು ನಂಬ್ಲಿಲ್ಲ. ಇನ್ನೇನ್ ಯೋಚ್ನೆ ಮಾಡ್ಕಂಡ್ ಏಳ್ಬೇಕಿತ್ತು ಕಣ್ಲಾ? ಎದುರ್ಗೇ ಕುಂತು ನೋಡಿವ್ನಿ ನಾನು."

ಅಪ್ಪನಿಗೂ ನನ್ನ ಮದುವೆ ಆಗಬೇಕಿತ್ತು ಎಂಬುದನ್ನು ನೀವು ಮರೆಯಬಾರದು. ನಾನೂ ಮರೆಯಲಿಲ್ಲ. ಆದರೂ ಆ ದಿನವೇ ಹೂಂ ಅಂದೆ. ಸತ್ಯ ಗೊತ್ತಾಯಿತು ಎಂದಲ್ಲ. "ಆಡ್ಲಿ ಬುಡು" ಎಂಬ ಮಾತಿದೆಯಲ್ಲ, ಅದಕ್ಕೆ ಚಿಕ್ಕಪ್ಪನ ತಲೆ ಆಡಿದರೇನು, ಆಡದಿದ್ದರೇನು? ಆ ಮಾತು ನನಗೆ ಹೇಳಿದ್ದು. ಅದನ್ನು ಹೇಳಿದ್ದಂತೂ ನಿಜ.

ಮಾತುಕತೆಗೆ ಶಾಂತಿಗ್ರಾಮಕ್ಕೆ ಹೋದಾಗ ಅಪ್ಪ ಒಂದು ಕೆಲಸ ಮಾಡಿದ. ಅವನ ವ್ಯಾಪಾರದ ಪದ್ಧತಿ ಅದು: ರಾಶಿ ತೋರಿಸುವ ಮುಂಚೆ ಅದರಲ್ಲಿದ್ದ ಕೆಟ್ಟ ಕಾಯನ್ನು ತಾನೇ ತೆಗೆದು ಎದುರಿಗಿಡುತ್ತಿದ್ದ. ವೀಳ್ಯದ ತಟ್ಟೆ ಬರುವ ಮುಂಚೆಯೇ ಎಲ್ಲರ ಎದುರಿಗೆ, "ನಮ್ಮುಡುಗನ ಕತ್ತು ಆಗಾಗ ಇಂಗೆ ಎಗರ್ತದೆ. ಡಾಕ್ಟ್ರು ಏನೂ ಇಲ್ಲ ಅಂದವ್ರೆ. ಆದ್ರೂ ಮೊದ್ಲೇ ಏಳ್ಬುಟ್ಟಿವ್ನಿ, ಆಮೇಲೆ ಮಾತ್ ಬರಬಾರ್ದು" ಅಂದ. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಹುಡುಗಿಯ ತಂದೆ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತದೆ, "ನಮ್ಮುಡುಗಿ ಗೊರಕೆ ಒಡೀತಾಳೆ ಸ್ವಾಮಿ. ಅದ್ನ ನಾವ್ ಏಳಿದ್ವಾ?" ಅಂದರು. ಒಳಗಿನಿಂದ ಪಾತ್ರೆಯೊಂದು ಬಿದ್ದ ಸದ್ದು ಕೇಳಿಸಿತು.

ಇವತ್ತು ಬೆಲ್ಲವಿಲ್ಲದೆ ಮನೆಗೆ ಬಂದಾಗ ನನ್ನ ಹೆಂಡತಿ, ಅದೇ ಶಾಂತಿಗ್ರಾಮದ ಹುಡುಗಿ, ಬಾಗಿಲ ಬೆಳಕಿನಲ್ಲಿ ಕೂತು ಹರಿದ ದಿಂಬಿನ ಚೀಲ ಹೊಲಿಯುತ್ತಿದ್ದಳು. ಬೆಲ್ಲ ಎಲ್ಲಿ ಎಂದು ಕೇಳುವ ಮುಂಚೆ ನಾನೇ ಕೇಳಿದೆ.

"ಆಗ ನನ್ನ ತಲೆ ಯಾವ ಕಡೆಗೆ ಹೊರಳ್ತಿತ್ತು, ಜ್ಞಾಪಕ ಇದೆಯಾ?"

"ಯಾವಾಗ?"

"ಮದುವೆಯಾದ ಹೊಸತರಲ್ಲಿ."

"ಯಾವ ಕಡೆಗೂ ಹೊರಳ್ತಿರ್ಲಿಲ್ಲ" ಎಂದು ದಾರ ಎಳೆದಳು. "ನಿಮ್ಮಪ್ಪ ಹಂಗಂದ್ರಲ್ಲ ಅಂತ ನಾನೂ ಕಾಯ್ಕೊಂಡಿದ್ದೆ. ಉಣ್ಣೋವಾಗ ನೋಡೋದು, ಪೇಪರ್ ಓದೋವಾಗ ನೋಡೋದು, ಈಗ ಎಗರುತ್ತೆ, ಈಗ ಎಗರುತ್ತೆ ಅಂತ. ಒಂದ್ಸಲಾನೂ ಇಲ್ಲ. ಅಪ್ಪ ಮಗ ಇಬ್ರೂ ಸೇರ್ಕೊಂಡು ನಮ್ಮಪ್ಪಂಗೆ ಸುಳ್ಳು ಹೇಳಿದ್ರಲ್ಲ ಅಂತ ಎಷ್ಟೋ ದಿನ ಬೇಜಾರಾಗಿತ್ತು ನಂಗೆ."

ಹೊರಳುತ್ತಿತ್ತು. ಮದುವೆಯಾದ ಮೇಲೂ ವರ್ಷಗಟ್ಟಲೆ ಹೊರಳುತ್ತಿತ್ತು. ಅವಳು ಬಡಿಸಲು ಬಂದಾಗ ಗದ್ದವನ್ನು ಕೈಯಲ್ಲಿ ಆನಿಸಿ ಹಿಡಿದುಕೊಂಡದ್ದು, ಅವಳು ಆ ಕಡೆ ಹೋದ ಮೇಲೆ ಬಿಟ್ಟದ್ದು ನನಗೆ ಚೆನ್ನಾಗಿ ಗೊತ್ತು. ಚೆನ್ನಾಗಿ ಗೊತ್ತು ಎಂದು ಬರೆದ ಮೇಲೆ ನಾನೂ ಒಂದು ಗಳಿಗೆ ತಡೆಯಬೇಕು. ಇಷ್ಟು ವರ್ಷ ಜೊತೆಯಲ್ಲಿ ಇದ್ದವಳು ಸುಳ್ಳು ಹೇಳುತ್ತಿದ್ದಾಳೆಯೇ, ಮರೆತಿದ್ದಾಳೆಯೇ, ಇಲ್ಲವೇ ನನ್ನ ಯೌವನವನ್ನೆಲ್ಲ ತಿಂದ ಈ ಕಾಯಿಲೆ ನಾನು ಅಂದುಕೊಂಡಷ್ಟು ಕಾಲ ಇರಲೇ ಇಲ್ಲವೇ? ಹಿಂದಿನ ನಾನಾಗಿದ್ದರೆ ಬಸ್ಸು ಹತ್ತಿ ಹೋಗಿ ಇನ್ನಾರನ್ನೋ ಕೇಳುತ್ತಿದ್ದೆ. ಎದುರಿಗೆ ಕೂತು, ನಿಜ ಹೇಳು ಎಂದು ಪೀಡಿಸುತ್ತಿದ್ದೆ.

ಆಗ ಗಮನಕ್ಕೆ ಬಂತು: ಅವಳನ್ನು ಕೇಳುತ್ತಿದ್ದಷ್ಟು ಹೊತ್ತೂ ನಾನು ಕತ್ತನ್ನು ಬಿಗಿಹಿಡಿದುಕೊಂಡಿದ್ದೆ. ಎಷ್ಟು ವರ್ಷಗಳ ಅಭ್ಯಾಸವೋ, ಹೆಗಲಿನವರೆಗೂ ನೋಯುತ್ತಿತ್ತು. ಬಿಟ್ಟೆ.

ಅದು ಹೊರಳಿತೋ ಇಲ್ಲವೋ ನನಗೆ ತಿಳಿಯದು. ನಾನು ಅವಳನ್ನು ನೋಡುತ್ತಿದ್ದೆ. ಅವಳು ಸೂಜಿಯಿಂದ ಕಣ್ಣೆತ್ತಿ ನನ್ನನ್ನೊಮ್ಮೆ ನೋಡಿ, ಮತ್ತೆ ಹೊಲಿಯತೊಡಗಿದಳು.